ರೆಟ್ಟೆ

ಕಲ್ಲು ಸೀಳಿದರೆ ಇಲ್ಲಿ ಮೀನು ಸಿಗುತ್ತದೆ, ಅದೇನೂ ವಿಶೇಷವಲ್ಲ.
ಬೆರಳುದ್ದದ ಮೀನು,
ಅಪರೂಪಕ್ಕೆ ಒಂದು ಏರೋಪ್ಲೇನ್ ಚಿಟ್ಟೆ.
ನೋವಾ ಒಲಿಂಡಾದ ಗಣಿಯವರು ಅವನ್ನು ಪಕ್ಕಕ್ಕೆ ಸರಿಸಿ
ಹಾಸುಗಲ್ಲು ಎಣಿಸುತ್ತಾರೆ.
ಕೂಲಿ ಚದರ ಮೀಟರಿಗೆ, ಮೀನಿಗಲ್ಲ.

ಆ ಮಂಗಳವಾರ ಅಪ್ಪನ ಉಳಿಗೆ ಸಿಕ್ಕಿದ್ದು ಬೇರೆ.
ಹಳದಿ ಕಲ್ಲಿನ ಪದರ ಹಾಳೆಯಂತೆ ಬಿಚ್ಚಿಕೊಂಡು
ಒಳಗೆ ಕಂದು ಬಣ್ಣದ ಒಂದು ಬೆರಳು,
ಮುಗಿಯುವುದೇ ಇಲ್ಲ ಅನ್ನುವಷ್ಟು ಉದ್ದ.

ಮ್ಯೂಸಿಯಂನವರು ಟೆರೋಸಾರ್ ಎಂದು ಚೀಟಿ ಅಂಟಿಸಿದರು.
ಹಲ್ಲಿಯಲ್ಲ, ಹಕ್ಕಿಯಲ್ಲ.
ಹಿಂದಿನ ಕೋಣೆಯಲ್ಲಿ ಹನ್ನೊಂದು ತಿಂಗಳು
ಸೂಜಿ ಹಿಡಿದು ಅದರ ಮೇಲೆ ಬಾಗಿದೆ ನಾನು.
ನಾವು ಉಂಗುರ ತೊಡುವ ಬೆರಳು ಅದು.
ಉಳಿದ ಮೂರು, ಕುಳ್ಳಗೆ, ಉಗುರು ಬಾಗಿಸಿ ಸುಮ್ಮನಿವೆ;
ಇದೊಂದು ಮಾತ್ರ ಮೊಳಗಟ್ಟಲೆ ಬೆಳೆದು
ತೊಗಲನ್ನು ಎಳೆದು ಹಿಡಿದಿತ್ತು
ಜೋಲಿಯ ಹಗ್ಗದ ಹಾಗೆ.
ಎಲುಬಿನ ಗೋಡೆ ಮೊಟ್ಟೆಯ ಓಡಿನಷ್ಟೇ,
ಒಳಗೆಲ್ಲ ಗಾಳಿಯ ಬಿಡಾರ.
ಕೆಮ್ಮಲೂ ಹೆದರಿಕೆ.

ಮ್ಯೂನಿಕ್‌ನಿಂದ ಬಂದ ಹಿರಿಯರು ಕನ್ನಡಕ ಹಣೆಗೇರಿಸಿ
ಇಷ್ಟು ಹಗುರ, ಇಷ್ಟು ಅಗಲ, ಅಂದರು.
ಇದು ರೆಕ್ಕೆ ಬಡಿದದ್ದಲ್ಲ, ತೇಲಿದ್ದು.
ಬಂಡೆಯ ಅಂಚಿಗೆ ತೆವಳಿ, ಕಾದು ಕೂತು,
ಮೈ ಬಿಟ್ಟುಕೊಟ್ಟದ್ದು.
ಅಂದರೆ, ಗಾಳಿ ಬಂದಾಗ ತೂರಿಕೊಳ್ಳುವ ಜಾತಿ.
ಅವರ ಶಿಷ್ಯೆ ತಲೆಯಾಡಿಸಲಿಲ್ಲ.

ಅಪ್ಪ ಬಾಗಿಲಲ್ಲಿ ನಿಂತಿದ್ದ, ಟೋಪಿ ಕೈಯಲ್ಲಿ.
"ಬಂಡೆ ಎಲ್ಲಿತ್ತು, ನೋರಾ?"
ಕೇಳಿದ್ದು ನನ್ನನ್ನು, ಅವರನ್ನಲ್ಲ.
"ಆಗ ಇಲ್ಲಿ ಹಿನ್ನೀರು, ಚಪ್ಪಟೆ ದಡ ಅಂತ ನೀನೇ ಹೇಳಿದ್ದೆ.
ಮೀನಿಗೆ ಅಂತ ಕೆಳಗಿಳಿದದ್ದು
ಮತ್ತೆ ಮೇಲೇಳೋಕೆ ಯಾರ ಗಾಳಿಗೆ ಕಾಯಬೇಕು?"

ನಾನು ಉತ್ತರಿಸಲಿಲ್ಲ.
ಸೂಜಿ ಇನ್ನೂ ಭುಜದವರೆಗೆ ತಲುಪಿರಲಿಲ್ಲ.

ಭುಜ ಸಿಕ್ಕಿದ್ದು ಆಗಸ್ಟಿನಲ್ಲಿ,
ಗಾಳಿಪಟದ ಹುಡುಗರು ಬೀದಿ ತುಂಬ ಕೂಗುತ್ತಿದ್ದಾಗ.
ತೋಳಿನ ಎಲುಬಿನ ನೆತ್ತಿಯಲ್ಲಿ ಒಂದು ಏಣು,
ಕೊಡಲಿಯ ಅಲಗಿನಂತೆ ಹೊರಚಾಚಿ.
ಅದರ ಮೈಯೆಲ್ಲ ಒರಟು ಗೀರು,
ಸ್ನಾಯು ಕಚ್ಚಿ ಹಿಡಿದು
ಎಳೆದ, ಎಳೆದ, ಎಳೆದ ಗುರುತು.
ಗಾಳಿಪಟಕ್ಕೆ ಇಂಥದ್ದು ಬೇಕಿಲ್ಲ.
ರೆಕ್ಕೆ ಅಂದುಕೊಂಡು ಇಷ್ಟು ದಿನ ಕೆರೆದದ್ದರ ಬುಡದಲ್ಲಿ
ಇದ್ದದ್ದು ರೆಟ್ಟೆ.

ಇಂಥ ಏಣನ್ನು ಮೊದಲೂ ನೋಡಿದ್ದೆ.
ಕ್ರಾಟೋ ಆಸ್ಪತ್ರೆಯಲ್ಲಿ, ಬೆಳಕಿಗೆ ಹಿಡಿದ ಎಕ್ಸ್‌ರೇಯಲ್ಲಿ:
ಜಸಿಂತು, ಬಲ ಭುಜ, ಮೂವತ್ತೆಂಟು ವರ್ಷದ ಸುತ್ತಿಗೆ.
ಮಾಡಿದ ಕೆಲಸವನ್ನು ಎಲುಬು ಬರೆದಿಟ್ಟುಕೊಳ್ಳುತ್ತದೆ
ಅಂದಿದ್ದರು ಡಾಕ್ಟರು,
ಮಾತ್ರೆ ಬರೆಯುತ್ತ.

ಇಷ್ಟಕ್ಕೇ ಗೆದ್ದೆವೆನ್ನುವ ಹಾಗಿಲ್ಲ.
ಅದೇ ರೆಟ್ಟೆಯೂರಿ ಕೆಸರಲ್ಲಿ ನಡೆದಿರಲೂಬಹುದು.
ಶಿಷ್ಯೆ ಪತ್ರ ಬರೆದಳು: ಏಣು ಸಾಲದು, ಎದೆಗೂಡು ಬೇಕು.
ಎದೆಗೂಡಿನ ಚೂರು ಗಣಿಯಿಂದ ಯಾವ ಲಾರಿ ಹತ್ತಿತೋ,
ಯಾರ ಮನೆಯ ನೆಲವಾಯಿತೋ,
ಅದರ ಮೇಲೆ ಈಗ ಯಾವ ಕುರ್ಚಿಯೋ.

ಸಂಜೆ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ.
ಮಂಡಿ ಹೋದಮೇಲೆ ಏಳುವುದು ಅವನಿಗೆ ಕಾಲಿನ ಕೆಲಸವಲ್ಲ.
ಎರಡೂ ಅಂಗೈ ಅಕ್ಕಪಕ್ಕ ಊರಿ
ಕತ್ತು ತಗ್ಗಿಸಿ
ಹ್ಞಾ ಎಂದು ಒಂದೇ ನೂಕಿಗೆ
ತನ್ನನ್ನು ತಾನೇ ಎತ್ತಿ ಎಸೆದುಕೊಂಡ.
ಪಾದ ಆ ಗಳಿಗೆ ನೆಲದ ಮೇಲಿರಲಿಲ್ಲ ಅನ್ನಿಸಿತು;
ಆಣೆ ಮಾಡಲಾರೆ.

ಏಣಿನ ವಿಷಯ ಹೇಳಿದೆ.
ಭುಜ ನೀವಿಕೊಂಡ.
"ಹಂಗಾದ್ರೆ ದುಡಿದೇ ಹಾರಿದ್ದು ಅನ್ನು.
ಕೂಲಿ ಎಷ್ಟಂತೆ ಅದಕ್ಕೆ?"

ಮೀನು, ಅಂದೆ.

"ಈ ಬೆರಳುದ್ದದವಾ?" ಅಂತ ಮುಖ ಕಿವುಚಿ
ದೀಪ ಹಾಕಲು ಒಳಗೆ ಹೋದ.